ಡೆಲ್ಕೊ ಮುಚ್ಚಳದೊಳಗಿನ ಕುಂಕುಮ

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಹಲಗೂರಿನ ಬಸ್‌ಸ್ಟ್ಯಾಂಡಿನ ಮುಂದೆ ಪುಟ್ಟಸ್ವಾಮಿಯ ಲ್ಯಾಂಡ್‌ರೋವರ್ ಎರಡು ಸಲ ಕೆಮ್ಮಿ, ಒಮ್ಮೆ ಢಮಾರೆಂದು ಸಿಡಿದು ನಿಂತುಬಿಟ್ಟಿತು. ಬಾನೆಟ್ ಎತ್ತಿ ಒಳಗೆ ಕೈಯಾಡಿಸಿ ಮುಚ್ಚಿದ ಬಾಮೈದ ಚಲುವರಾಜುವಿನ ಕೆನ್ನೆಗೆ ಪುಟ್ಟಸ್ವಾಮಿ ಅಷ್ಟು ಜನರ ಎದುರಿಗೇ ಹೊಡೆದ.

"ಪೆಟ್ರೋಲ್ ಮಾರ್ಕಂಡು ಸೀಮೆಣ್ಣೆ ಉಯ್ದಿದೀಯ ಕಣ್ಲಾ! ನನ್ ಗಾಡಿ ಗಂಟ್ಲೇ ಕಟ್ಟೋಯ್ತಲ್ಲೋ!"

ಎಪ್ಪತ್ತನಾಲ್ಕರ ದಸರಾ ಅದು. ಪೆಟ್ರೋಲಿನ ರೇಟು ಏರಿದ್ದ ಏರಿಕೆಗೆ ಅಂಥ ಮಾತನ್ನು ನಂಬಲು ಯಾರಿಗೂ ಸಾಕ್ಷಿ ಬೇಕಿರಲಿಲ್ಲ. ಗಾಡಿ ಓಡಿಸುತ್ತಿದ್ದವನು ಚಲುವರಾಜು. ಅವನು ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು, ಹೊರಟಿದ್ದ ಬಸ್ಸು ಹತ್ತಿದ. ಹನಕೆರೆಯ ಚಿಕ್ಕಮ್ಮನ ಮನೆ ಸೇರಿಕೊಂಡನೆಂದು ಆಮೇಲೆ ತಿಳಿಯಿತು. ಅಂದಿನಿಂದ ಅವನ ಅಕ್ಕ ಮಂಗಳಮ್ಮ ಗಂಡನ ಮುಂದೆ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಊರಿನ ಮಿಡ್ಲ್ ಸ್ಕೂಲಿನ ಮೇಷ್ಟ್ರು ನಾನು, ತಿರುನಾರಾಯಣ. ನಮ್ಮ ತಂದೆ ಸಂಜೆ ಹೊತ್ತು ಕಾವ್ಯ ಓದುತ್ತಿದ್ದರು, ನಾನು ಕೇಳುತ್ತಾ ಕೂರುತ್ತಿದ್ದೆ. ಬಾಯಿಗಿಂತ ಕಿವಿ ಪಳಗಿದ್ದು ಹಾಗೆ. ಆ ಗಾಡಿ ಓಡುವಾಗ ನಾಲ್ಕು ಮಾತ್ರೆಯ ಗಣ ತಪ್ಪದೆ ಬರುತ್ತಿತ್ತು. ಆ ಬೆಳಿಗ್ಗೆ ನಾಲ್ಕರಲ್ಲಿ ಎರಡು ಬೀಳುತ್ತಿರಲಿಲ್ಲ. ಕೇಳಿದೊಡನೆ ನನಗೆ ಹಿಂದಿನ ದಿನದ ಪೂಜೆ ನೆನಪಾಯಿತು, ಅದನ್ನು ಮಾಡಿದವನು ನಾನು.

"ಬಂದು ಎರಡು ಮಂತ್ರ ಏಳ್ಬುಡಿ ಮೇಷ್ಟ್ರೆ" ಎಂದು ಪುಟ್ಟಸ್ವಾಮಿ ಕರೆದಿದ್ದ. ಚಕ್ರಕ್ಕೆ, ದೀಪಗಳಿಗೆ, ಸ್ಟಿಯರಿಂಗಿಗೆ ಗಂಧ ಕುಂಕುಮವಿಟ್ಟೆ. ಡೆಲ್ಕೊ ಎಂದು ಕರೆಯುವ, ಇಂಜಿನ್ನಿಗೆ ಕಿಡಿ ಹಂಚುವ ಕರಿ ಬಟ್ಟಲನ್ನು ಚಲುವರಾಜು ಹಿಂದೊಮ್ಮೆ ತೋರಿಸಿ, "ಗಾಡಿ ಬೆಂಕಿ ಉಟ್ಟೋದೇ ಇಲ್ಲಿ" ಅಂದಿದ್ದ. ಅಗ್ನಿ ಇರುವ ಜಾಗವನ್ನು ಬರಿದೇ ಬಿಡುವುದು ಸರಿಯಲ್ಲವೆನಿಸಿತು. ಅವರಿಬ್ಬರೂ ಬೂದುಗುಂಬಳ ತರಲು ಹೋಗಿದ್ದಾಗ ಎರಡು ಕ್ಲಿಪ್ಪು ಬಿಡಿಸಿ, ಮುಚ್ಚಳದೊಳಗೆ ಒದ್ದೆ ಗಂಧವಿಟ್ಟು, ಮೇಲೆ ಕುಂಕುಮವಿಟ್ಟು, ಮುಚ್ಚಿದೆ.

ಇದರಿಂದಲೇ ಕೆಟ್ಟಿತೋ ಇಲ್ಲವೋ, ನನಗೇನು ಗೊತ್ತು? ಹಾಗೆಂದುಕೊಂಡೇ ಬಾಯಿ ಮುಚ್ಚಿಕೊಂಡೆ. ಶಾಲೆಗೆ ರಜೆ. ಪುಟ್ಟಸ್ವಾಮಿ ಕಾರ್ಬೊರೇಟರ್ ಬಿಚ್ಚಿ ಗೋಣಿತಾಟಿನಲ್ಲಿ ಸುತ್ತಿ ಮಳವಳ್ಳಿಗೆ ಹೊರಟಾಗ, ಮನೆಯಲ್ಲಿ ಕೂರಲಾರದೆ ನಾನೂ ಜೊತೆಗೆ ಹೊರಟೆ.

ಮಳವಳ್ಳಿಯ ಮೆಕ್ಯಾನಿಕ್ ಲಿಂಗಯ್ಯ ಅದನ್ನು ಬಿಚ್ಚಿ, ಮೂಗಿಗೆ ಹಿಡಿದ. "ಸೀಮೆಣ್ಣೆ ವಾಸ್ನೆ ಎಲ್ಲದೆ? ಒಂಚೂರೂ ಇಲ್ಲ. ಪೆಟ್ರೋಲ್ ತಡೆಯೋ ಸೂಜಿ ಸವ್ದದೆ, ಅಷ್ಟೆ. ಇಪ್ಪತ್ತು ವರ್ಸದ ಗಾಡಿ, ಸವೀದೆ ಏನು?"

"ಸರ್ಯಾಗಿ ಮೂಸು. ಅವ್ನು ಉಯ್ದವ್ನೆ."

"ನನ್ ಮೂಗು ನಂಬ್ದಿದ್ರೆ ನಿನ್ ಮೂಗ್ನೇ ತೂರ್ಸು. ಜೀಪಿನ್ ಸೂಜಿ ಇದಕ್ಕೆ ಕೂರಲ್ಲ. ಮದ್ದೂರಲ್ಲಿ ರೈಸ್‌ಮಿಲ್ ಅತ್ರ ಇಂಥದೇ ಗಾಡಿ ಒಂದು ಸತ್ತು ಬಿದ್ದದೆ, ಅಲ್ಲಿ ಕೇಳು. ಒಂದ್ಸಲ ಬೆಂಕಿ ಕಡೀನೂ ನೋಡ್ಸು."

ಬೆಂಕಿ ಕಡೆ ಎಂದಾಗ ನಾನು ಬಾಯಿ ತೆರೆದೆ. ಪುಟ್ಟಸ್ವಾಮಿ ಅಷ್ಟರಲ್ಲಿ ಮದ್ದೂರಿನ ಬಸ್ಸಿಗೆ ಓಡುತ್ತಿದ್ದ.

ಮದ್ದೂರಿನ ಮಿಲ್ಲಿನ ಹಿಂದೆ ಹುಣಸೆಮರದ ಕೆಳಗಿದ್ದ ಲ್ಯಾಂಡ್‌ರೋವರಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಕೋಳಿಯೊಂದರಿಂದ ಕುಕ್ಕಿಸಿಕೊಂಡು ಪುಟ್ಟಸ್ವಾಮಿ ಸೂಜಿ ಬಿಡಿಸಿಕೊಂಡ. ಹಲಗೂರಿಗೆ ಮರಳಿ, ಮನೆ ಮುಂದಕ್ಕೆ ತಳ್ಳಿಸಿದ್ದ ಗಾಡಿಗೆ ಜೋಡಿಸಿದ್ದಾಯಿತು, ಕೈ ಬೊಬ್ಬೆ ಬರುವಷ್ಟು ಹ್ಯಾಂಡಲ್ ತಿರುಗಿಸಿದ್ದಾಯಿತು. ಅದೇ ಕೆಮ್ಮು. ಮಂಗಳಮ್ಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಮಾರನೆಯ ದಿನ ಡೆಲ್ಕೊ ಬಿಚ್ಚಿಕೊಂಡು ಮಂಡ್ಯಕ್ಕೆ. ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೆಯೇ ಇಟ್ಟಿದ್ದ. ದಾರಿಯುದ್ದಕ್ಕೂ ಅದರ ಮೇಲಿಂದ ಕೈ ತೆಗೆಯಲಾಗಲಿಲ್ಲ, ಇಡಲೂ ಆಗಲಿಲ್ಲ. ಮನಸ್ಸಿನಲ್ಲಿ ದೇವರ ನಾಮ ಹೇಳಿಕೊಳ್ಳಲು ನೋಡಿದೆ. ನಾಮದ ನಡುವೆ ಆ ಕೆನ್ನೆಯೇಟಿನ ಸದ್ದು ಬರುತ್ತಿತ್ತು.

ದೊಡ್ಡಸಿದ್ದಯ್ಯ ಮಂಡ್ಯದಲ್ಲಿ ಹಳೆಯ ಗಾಡಿಗಳ ಮರ್ಮ ಬಲ್ಲ ಮುದುಕ. ಮುಚ್ಚಳವನ್ನು ಬಿಸಿಲಿಗೆ ಹಿಡಿದು ಒಳಗೆ ಬೆರಳಾಡಿಸಿದ.

"ನೋಡಿ, ಕೂದಲೆಳೆ ಅಂಗೆ ಕರಿ ಗೆರೆ. ಒಳೀಕೆ ಒದ್ದೆ ಸೇರ್ಕಂಡದೆ. ಬೆಂಕಿ ಒಂದು ಮನೆಗೆ ಓಗೋ ಬದ್ಲು ಪಕ್ಕದ ಮನೆಗೆ ನೆಗ್ದದೆ, ಗೆರೆ ಸುಟ್ಟದೆ." ಸಂದಿಯನ್ನು ಉಗುರಿನಿಂದ ಕೆರೆದು ಮೂಸಿದ. "ಕುಂಕುಮ ಅಲ್ವ ಇದು? ಯಾವ ಭಕ್ತನಪ್ಪ!"

"ಅವ್ನೇ, ನಮ್ ಬಾಮೈದ. ಸೀಮೆಣ್ಣೆ ಸಾಲ್ದು ಅಂತ ಇದೂ—"

"ನಾನು" ಎಂದೆ.

ಪುಟ್ಟಸ್ವಾಮಿ ತಿರುಗಿದ.

"ನಾನೇ ಇಟ್ಟಿದ್ದು ಪುಟ್ಟಸ್ವಾಮಿ. ನೀವು ಕುಂಬಳಕಾಯಿಗೆ ಹೋಗಿದ್ದಿರಲ್ಲ, ಆವಾಗ. ಚಲುವರಾಜು ಏನೂ ಮಾಡಿಲ್ಲ."

ಅವನ ಕೈ ಮೇಲೆದ್ದಿದ್ದನ್ನು ಕಂಡೆ. ಅದು ಹಾಗೇ ಹೋಗಿ ಅವನದೇ ತಲೆ ಸವರಿಕೊಂಡಿತು. "ನಿಮ್ಗೆ ಏನನ್ನಕಾಯ್ತದೆ ಮೇಷ್ಟ್ರೆ" ಅಂದ. ಹೊಡೆದಿದ್ದರೆ ವಾಸಿಯಿತ್ತು.

ದೊಡ್ಡಸಿದ್ದಯ್ಯ ತಗಡಿನ ಡಬ್ಬ ಬೋರಲು ಹಾಕಿ, ಮಾರಿಸ್ ಕಾರಿನ ಮುಚ್ಚಳವೊಂದನ್ನು ಹುಡುಕಿಕೊಟ್ಟ. "ಇದೂ ಇಂಗ್ಲೀಸ್ನೋರ ದೇಸದ್ದೇ, ಕೂರ್ತದೆ. ಇನ್ಮ್ಯಾಲೆ ಪೂಜೆ ಒರಗಡೆ ಮಾಡಿ ಸ್ವಾಮಿ."

ಮದ್ದೂರಿಗೆ ಮರಳುವ ರೈಲಿನಲ್ಲಿ ಪುಟ್ಟಸ್ವಾಮಿ ಬೇರೆ ಬೆಂಚಿನಲ್ಲಿ ಕೂತ. ಹನಕೆರೆಯಲ್ಲಿ ನಾನು ಇಳಿದೆ. ಅವನೂ ಇಳಿದ, ಆದರೆ ಪ್ಲಾಟ್‌ಫಾರ್ಮ್ ಬಿಟ್ಟು ಬರಲಿಲ್ಲ. "ನಾನೆಂಗೆ ಮೊಕ ತೋರ್ಸಲಿ? ನೀವೋಗಿ ಬನ್ನಿ."

ಚಲುವರಾಜು ಚಿಕ್ಕಮ್ಮ ಸಣ್ಣತಾಯಮ್ಮನ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನ ಕೈ ನಿಲ್ಲಲಿಲ್ಲ.

"ನಂಗೊತ್ತಿತ್ತು ಮೇಷ್ಟ್ರೆ. ಗಾಡಿ ನಿಂತ್ ತಕ್ಸಣ ಮುಚ್ಚಳ ತಗ್ದು ನೋಡ್ದೆ. ಕೆಂಪಗಿತ್ತು. ಒರಸ್ದೆ."

"ಯಾಕಪ್ಪ ಹೇಳಲಿಲ್ಲ?"

"ದೇವ್ರು ಅಂತ ಮಾಡ್ದೋರ ಮ್ಯಾಲೆ ಜನದ್ ಮುಂದೆ ತಪ್ಪು ಆಕದಾ? ಓದ್ರೆ ನಂದು ಮರ್ವಾದೆ ತಾನೆ ಅಂತ ಸುಮ್ಕಿದ್ದೆ." ಹಗ್ಗವನ್ನು ಎಳೆದು ಗಂಟು ಬಿಗಿದ. "ನೀವೂ ಅಲ್ಲೇ ನಿಂತಿದ್ರಲ್ಲ. ನೀವ್ಯಾಕೆ ಸುಮ್ಕಿದ್ರಿ?"

ನಾನು ಜಗುಲಿಯ ಕೆಳಗೆ ಅಂಗಳದಲ್ಲೇ ನಿಂತು ಕೈ ಜೋಡಿಸಿದೆ.

"ತಪ್ಪಾಯ್ತು" ಎಂದೆ.

"ನಂಗೇಳಿದ್ರೆ ಏನು ಬಂತು, ನಂಗೆ ಮೊದ್ಲೇ ಗೊತ್ತು. ಜನ್ಕೆ ಏಳಿ."

ಸ್ಟೇಷನ್ನಿಗೆ ಬಂದು ಅವನ ಮಾತನ್ನು ಪುಟ್ಟಸ್ವಾಮಿಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಅವನು ಕಲ್ಲುಬೆಂಚಿನ ಮೇಲೆ ಕೂತೇ ಕೇಳಿದ. ಮದ್ದೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ಬಂತು. ಅವನು ಹತ್ತಲಿಲ್ಲ. ಟವೆಲಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಎದ್ದ.

"ಮಂಗಳಂಗೆ ಏಳ್ಬುಡಿ, ನಾನು ಅನಕೆರೇಲಿ ಉಳ್ಕಂಡೆ ಅಂತ. ಕರ್ಕಂಡೇ ಬತ್ತೀನಿ. ಬರಲ್ಲ ಅಂದ್ರೆ ಅಲ್ಲೇ ಕೂತ್ಕತೀನಿ."

ನಾನು ಹತ್ತಿದ ರೈಲು ಹೊರಟಾಗ ಅವನು ಊರಿನ ದಾರಿಯಲ್ಲಿ ಬಿರಬಿರನೆ ನಡೆಯುತ್ತಿದ್ದ.

ಎದುರು ಬೆಂಚಿನಲ್ಲಿ ಬಾಳೆಗೊನೆ ಇಟ್ಟುಕೊಂಡಿದ್ದವನು ನನ್ನನ್ನು ಯಾವೂರೆಂದು ಕೇಳಿದ. ಹಲಗೂರೆಂದೆ.

"ಓ, ಅಲ್ಲೇ ಅಲ್ವ ಆ ಇಂಗ್ಲೀಸ್ ಗಾಡಿ ಕೆಟ್ಟಿದ್ದು? ಬಾಮೈದನೇ ಸೀಮೆಣ್ಣೆ ಉಯ್ದುಬುಟ್ನಂತಲ್ಲ ಸ್ವಾಮಿ. ಮದ್ದೂರ್ ಸಂತೇಲಿ ಅದೇ ಮಾತು."

ಪಕ್ಕದ ಮೂವರು ನಕ್ಕರು. ಜನ್ಮದಲ್ಲಿ ನಾನು ನಾಲ್ಕು ಜನರ ನಡುವೆ ದನಿಯೆತ್ತಿದವನಲ್ಲ. ಎದ್ದು ನಿಂತೆ, ಬೀಳದಂತೆ ಕಂಬಿ ಹಿಡಿದುಕೊಂಡೆ.

"ಸೀಮೆಣ್ಣೆಯಲ್ಲ" ಎಂದೆ, ಬೋಗಿಯ ಆ ತುದಿಯವರೂ ತಿರುಗುವಷ್ಟು ಜೋರಾಗಿ. "ಆ ಗಾಡಿ ಕೆಡಿಸಿದವನು ನಾನು. ಹೇಗೆ ಅಂತ ಹೇಳ್ತೀನಿ, ಕೇಳಿ."