ಬರಿಗೈಯಲ್ಲಿ ಬಾ

ಮೀಟಿಂಗು ನಡೆಯುತ್ತಿದ್ದುದು ಒಂದು ಶಿಶುವಿಹಾರದಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಕುರ್ಚಿಗಳು ಮಕ್ಕಳ ಅಳತೆಯವು. ಮೂಟೆ ಹೊರುವ, ಲಾರಿ ಓಡಿಸುವ ಗಂಡಸರು ಮೊಣಕಾಲಿಗೆ ಗಲ್ಲ ತಾಗಿಸಿಕೊಂಡು ಕೂತು, ಕುಡಿತದ ಮುಂದೆ ತಮ್ಮ ಆಟ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಆನೆ, ಒಂಟೆ, ಮೊಲದ ಚಿತ್ರ. ಪಕ್ಕದಲ್ಲಿ ಕುಡಿತ ಬಿಡಲು ಹಾಕಬೇಕಾದ ಹನ್ನೆರಡು ಹೆಜ್ಜೆಗಳ ಪಟ. ಮುಗಿದ ಮೇಲೆ ಪಟವನ್ನು ಸುತ್ತಿ ಬೀರುವಿನ ಹಿಂದೆ ಇಡಬೇಕಿತ್ತು. ಬೆಳಿಗ್ಗೆ ಮಕ್ಕಳು ನೋಡಿದರೆ ಇದೇನು ಅಂತ ಕೇಳುತ್ತಾರೆ, ನಾನೇನು ಹೇಳಲಿ ಎಂದು ಟೀಚರು ಮೊದಲೇ ಹೇಳಿದ್ದರು.

ಬಡಗಿ ಕೂರುವ ಮೊದಲು ಕುರ್ಚಿಯನ್ನು ಬೋರಲು ಹಾಕಿ ಕಾಲು ಅಲ್ಲಾಡಿಸಿ ನೋಡಿದ.

"ಲೇ, ಕುರ್ಚಿಗೇನೂ ಆಗಿಲ್ಲ. ಕೆಟ್ಟಿರೋದು ನಾವು. ಕೂತ್ಕೋ," ಎಂದರು ಡ್ರೈವರಣ್ಣ.

ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತರಾದವರು. ಕುಡಿತ ಬಿಟ್ಟ ಹಳಬರೊಬ್ಬರು ಹೊಸಬನ ಕೈ ಹಿಡಿದು ಹೆಜ್ಜೆ ಹಾಕಿಸುವುದು ಅಲ್ಲಿಯ ಪದ್ಧತಿ. ಬಡಗಿಯ ಪಾಲಿಗೆ ಬಂದವರು ಇವರು. ಅವನು ಕುಡಿಯುವುದನ್ನು ಬಿಟ್ಟು ವರ್ಷ ದಾಟಿತ್ತು. ಶುರುವಿನ ಹೆಜ್ಜೆಗಳನ್ನು ಹೇಗೋ ಮುಗಿಸಿದ್ದ. ದೇವರ ವಿಷಯ ಬಂದಾಗ ಮಾತ್ರ ತಕರಾರು ತೆಗೆದಿದ್ದ.

"ಈ ದೊಡ್ಡ ಶಕ್ತಿ ಗಿಕ್ತಿ ಎಲ್ಲ ನನಗೆ ಹಿಡಿಸಲ್ಲ ಅಣ್ಣ."

"ಹಿಡಿಸೋದು ಬೇಡ. ಆ ಶಕ್ತಿ ನೀನಲ್ಲ ಅಂತ ಗೊತ್ತಾದ್ರೆ ಸದ್ಯಕ್ಕೆ ಸಾಕು," ಎಂದು ಡ್ರೈವರಣ್ಣ ಮಾತು ಮುಗಿಸಿದ್ದರು.

ಈಗ ಎದುರಿಗಿದ್ದುದು ಒಂಬತ್ತನೆಯ ಹೆಜ್ಜೆ. ನೋಯಿಸಿದವರ ಬಳಿ ಹೋಗಿ ಕೆಡಿಸಿದ್ದನ್ನು ಸರಿ ಮಾಡಿಕೊಡಬೇಕು. ಯಾರ ಹತ್ತಿರ ಮೊದಲು ಹೋಗುತ್ತೀಯ ಎಂದು ಕೇಳಿದಾಗ ಬಡಗಿ ಯೋಚಿಸಲಿಲ್ಲ. "ಅಮ್ಮ," ಎಂದ.

ಅಮ್ಮ ಅಕ್ಕನ ಮನೆಯಲ್ಲಿದ್ದಳು. ಹಿಂದೊಮ್ಮೆ ಅಕ್ಕ ಪೇಟೆಗೆ ಹೋಗುವಾಗ ಅಮ್ಮನನ್ನು ಇವನ ಕೈಗೆ ಒಪ್ಪಿಸಿದ್ದಳು. ಇವನು ಕುಡಿದು ಮುಂದಿನ ಕೋಣೆಯಲ್ಲಿ ಮಲಗಿಬಿಟ್ಟ. ಅಮ್ಮ ಒಬ್ಬಳೇ ಎದ್ದು ಬಚ್ಚಲಿಗೆ ಹೋಗಿ ಜಾರಿದಳು. ಸೊಂಟದ ಮೂಳೆ ಮುರಿಯಿತು. ಅಕ್ಕ ಬರುವವರೆಗೂ ಒದ್ದೆ ನೆಲದ ಮೇಲೆ ಬಿದ್ದುಕೊಂಡು ಮಗನನ್ನು ಕೂಗಿದಳು. ಗೋಡೆಯ ಆಚೆ ಮಗ ಗೊರಕೆ ಹೊಡೆಯುತ್ತಿದ್ದ. ಆಮೇಲೆ ಅಮ್ಮ ನಡೆಯಲಿಲ್ಲ. ಈಚೆಗೆ ನೆನಪೂ ಬಂದು ಹೋಗಿ ಮಾಡುತ್ತಿತ್ತು. ಹೃದಯ ಸೋತಿದೆ, ಇನ್ನು ಹೆಚ್ಚು ಸಮಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಬಡಗಿ ಹೋದಾಗಲೆಲ್ಲ ಅಕ್ಕ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಅಮ್ಮನ ಸುದ್ದಿ ಹೇಳಿ, ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಅಮ್ಮ ಹೋಗೋ ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಬೇಕು ಅಣ್ಣ. ತಪ್ಪಾಯ್ತು ಅಂತ ಹೇಳ್ಬೇಕು. ಅಷ್ಟೇ."

"ಹಾಗಾದ್ರೆ ಮೊದಲು ಅಕ್ಕನ್ನ ದಾಟ್ಬೇಕು. ಬಾಯಲ್ಲಿ ಕೇಳೋಕೆ ಹೋಗ್ಬೇಡ. ನಿನ್ನ ಬಾಯಿಗೆ ಆ ಮನೇಲಿ ಬೆಲೆ ಇಲ್ಲ. ಕೈ ತೋರಿಸು. ಒಳ್ಳೆ ಕೈ ಇದೆ ನಿನಗೆ."

ಬಡಗಿಗೆ ಮಾತು ಹಿಡಿಸಿತು. ಅಮ್ಮನ ಕೋಣೆಯ ಬಾಗಿಲು ಜೋತುಬಿದ್ದು ನೆಲಕ್ಕೆ ಉಜ್ಜುತ್ತದೆ ಎಂದು ಭಾವ ಎಂದೋ ಹೇಳಿದ್ದು ನೆನಪಾಯಿತು.

ರಜೆಯ ದಿನ ಬೆಳಿಗ್ಗೆ ಸಾಮಾನಿನ ಪೆಟ್ಟಿಗೆ ಹಿಡಿದು ಹೋದ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುವವಳು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ಅವಳು ಅವನ ಮುಖ ನೋಡಲಿಲ್ಲ, ಪೆಟ್ಟಿಗೆ ನೋಡಿದಳು.

"ಇದ್ಯಾಕೆ?"

"ಅಮ್ಮನ ಕೋಣೆ ಬಾಗಿಲು. ಐದು ನಿಮಿಷದ ಕೆಲಸ ಅಕ್ಕಾ. ಮಾಡಿ ಹೊರಟು ಹೋಗ್ತೀನಿ."

ಅಕ್ಕ ಹತ್ತಿರ ಬಂದು ಮೂಗು ಮುಂದೆ ಚಾಚಿದಳು. ಬಡಗಿ ದಂತವೈದ್ಯರ ಎದುರು ಕೂತವನಂತೆ ಬಾಯಿ ತೆರೆದ. ಇಬ್ಬರಿಗೂ ರೂಢಿಯಾಗಿತ್ತು. ವಾಸನೆ ಬರಲಿಲ್ಲ. ಅಕ್ಕನ ಮುಖ ಮಾತ್ರ ಸಡಿಲವಾಗಲಿಲ್ಲ. ಆದರೂ ಪಕ್ಕಕ್ಕೆ ಸರಿದಳು. ಮೆಷಿನ್ನಿನ ಮೇಲೆ ಅರ್ಧ ಹೊಲಿದ ಪರದೆ ಇತ್ತು. ಸಂಜೆಗೆ ಕೊಡಬೇಕಾದ್ದು, ಜಗಳಕ್ಕೆ ಪುರುಸೊತ್ತಿರಲಿಲ್ಲ.

ಮೇಲಿನ ಕೀಲು ಅರ್ಧ ಕಿತ್ತು ಬಂದಿತ್ತು. ಸ್ಕ್ರೂ ತೂತುಗಳು ದೊಡ್ಡದಾಗಿದ್ದವು. ಬೆಣೆ ಹೊಡೆದು ತುಂಬಿಸಿ ಹೊಸ ಸ್ಕ್ರೂ ಹಾಕಿದರೆ ಆಯಿತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೊದಿಕೆಯ ಕೆಳಗೆ ಆಳೇ ಇಲ್ಲವೇನೋ ಅನ್ನುವಷ್ಟು ಸಣ್ಣಗಾಗಿದ್ದಳು. ಎಚ್ಚರವಾದಾಗ ಬಾಗಿಲು ಸದ್ದಿಲ್ಲದೆ ತೆರೆಯಬೇಕು, ತಾನು ಅಲ್ಲಿ ನಿಂತಿರಬೇಕು ಎಂದುಕೊಂಡ. ಆ ಕೀಲು ಬಿಚ್ಚಿ, ಚೌಕಟ್ಟಿನ ತೂತಿಗೆ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದ. ಇನ್ನೊಂದು ಹೊಡೆದ.

ಅಮ್ಮ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು.

"ಎದ್ದನಾ?" ಒಳಗಿನಿಂದ ದನಿ ನಡುಗುತ್ತಾ ಬಂತು. "ಏನೂ ಅನ್ಬೇಡ ಕಣೇ ಅವನಿಗೆ. ರಿಪೇರಿ ಮಾಡ್ತಿದ್ದಾನೆ, ಮಾಡ್ಕೊಳ್ಳಲಿ. ರಾತ್ರಿದು ರಾತ್ರಿಗೇ ಆಯ್ತು. ನನಗೇನೂ ಪೆಟ್ಟಾಗಿಲ್ಲ. ನಿನಗೆ ಆಯ್ತಾ? ಗಾಜೆಲ್ಲ ಗುಡಿಸಿದ್ಯಾ?"

ಹೊಲಿಗೆ ಮೆಷಿನ್ನು ನಿಂತಿತು. ಅಕ್ಕ ಬಂದವಳೇ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಸಮಾಧಾನ ಆಯ್ತಾ?"

"ನಾನು ಕುಡಿದಿಲ್ಲ ಅಕ್ಕಾ."

"ಕುಡಿದಾಗಲೂ ಇದನ್ನೇ ಹೇಳ್ತಿದ್ದೆ." ಅವಳು ದನಿ ಏರಿಸಲಿಲ್ಲ. "ನಮ್ಮನೇಲಿ ಬೆಳಿಗ್ಗೆ ಸುತ್ತಿಗೆ ಸದ್ದು ಬಂತು ಅಂದ್ರೆ ಏನಂತ ನಿನಗೆ ಗೊತ್ತಿಲ್ವಾ? ಸ್ಟೂಲ್ ಮುರಿದೆ, ಮಾರನೇ ದಿನ ಹೊಸ ಕಾಲು ಹಾಕಿದೆ. ಕಿಟಕಿ ಒಡೆದೆ, ಗಾಜು ಕೂರಿಸಿದೆ. ಅಮ್ಮ ಬಾಗಿಲು ಹಾಕ್ಕೊಂಡಿದ್ಲು ಅಂತ ಚಿಲಕ ಕಿತ್ತೆ, ಮೊದಲಿಗಿಂತ ಚೆನ್ನಾಗಿರೋ ಚಿಲಕ ತಂದು ಹಾಕಿದೆ. ಎಂಥ ಮನೆ! ಒಂದೇ ಒಂದು ಮುರಿದ ಸಾಮಾನಿಲ್ಲ. ಅಕ್ಕಪಕ್ಕದವರು ಹೊಟ್ಟೆ ಉರ್ಕೊಳ್ಳೋರು. ಮಗ ಬಡಗಿ, ಪುಣ್ಯ ಮಾಡಿದ್ದೀರಿ ಅಂತ ಅಮ್ಮನಿಗೆ ಹೇಳೋರು."

ಬಡಗಿ ಸಿಂಕಿನ ನಲ್ಲಿಯನ್ನೇ ನೋಡುತ್ತಿದ್ದ. ಅದು ತೊಟ್ಟಿಕ್ಕುತ್ತಿತ್ತು. ಅಕ್ಕ ಅವನ ನೋಟ ಹಿಡಿದಳು.

"ಅದನ್ನೂ ಮುಟ್ಬೇಡ. ಹೋಗು."

ಬಾಗಿಲು ಈಗ ಒಂದೇ ಕೀಲಿನ ಮೇಲೆ ನಿಂತಿತ್ತು, ಮೊದಲಿಗಿಂತ ಕೆಟ್ಟದಾಗಿ.

ಸಂಜೆ ಶಿಶುವಿಹಾರದ ಮೆಟ್ಟಿಲ ಮೇಲೆ ಕೂತು ಡ್ರೈವರಣ್ಣನಿಗೆ ಎಲ್ಲ ಹೇಳಿದ. ಅವರು ತಲೆ ಕೆರೆದುಕೊಂಡರು.

"ತಪ್ಪು ನಂದು ಕಣೋ. ಆ ಹೆಜ್ಜೇಲಿ ಇನ್ನೊಂದು ಮಾತೂ ಇದೆ. ಸರಿ ಮಾಡೋಕೆ ಹೋಗಿ ಅವರಿಗೇ ನೋವಾಗೋ ಹಾಗಿದ್ರೆ ಬೇಡ ಅಂತ. ಎಷ್ಟು ಸಲ ಓದಿದ್ದೀನಿ. ನಿನ್ನ ಕೈ ಕೆಲಸ ನೋಡಿ ಮರೆತುಬಿಟ್ಟೆ."

"ಮತ್ತೆ ನಾನೇನು ಮಾಡ್ಲಿ? ಏನೂ ಮಾಡದೆ ಕೂರ್ಲಾ?"

"ಬ್ರೇಕ್ ಒತ್ತೋದೂ ಡ್ರೈವಿಂಗೇ," ಎಂದರು ಡ್ರೈವರಣ್ಣ. "ಏನು ಮಾಡ್ಬೇಕು ಅಂತ ಅಕ್ಕನ್ನೇ ಕೇಳು. ಯಾವತ್ತಾದ್ರೂ ಕೇಳಿದ್ದೀಯಾ?"

ಕೇಳಿರಲಿಲ್ಲ. ಸಾವಿರ ಸಲ ತಪ್ಪಾಯ್ತು ಅಂದಿದ್ದ, ಏನು ಮಾಡಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿದ. ಆ ಕಡೆ ಮೆಷಿನ್ನು ಓಡುತ್ತಲೇ ಇತ್ತು. ಕೇಳಿದ ಮೇಲೆ ನಿಂತಿತು. ಅಕ್ಕ ಕರೆ ಕತ್ತರಿಸಿದಳೇನೋ ಎಂದುಕೊಂಡ.

"ಬರಿಗೈಯಲ್ಲಿ ಬಾ," ಎಂದಳು ಕೊನೆಗೆ. "ಏನೂ ತರಬೇಡ. ಏನೂ ಮುಟ್ಟಬೇಡ. ಕೂತು ಎದ್ದು ಹೋಗು."

ಊಟದ ಬಿಡುವಿನಲ್ಲಿ ಹೋಗತೊಡಗಿದ. ಪೆಟ್ಟಿಗೆಯನ್ನು ಕೆಲಸದ ಜಾಗದಲ್ಲೇ ಬಿಟ್ಟು, ಕಿವಿಗೆ ಸಿಕ್ಕಿಸಿದ ಪೆನ್ಸಿಲನ್ನೂ ತೆಗೆದಿಟ್ಟು ಹೋಗುತ್ತಿದ್ದ. ಹೊಸ್ತಿಲಲ್ಲಿ ಬಾಯಿ ತೆರೆದು ತೋರಿಸಿ ಒಳಗೆ ಹೋಗುತ್ತಿದ್ದ. ಕೋಣೆಯ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಸಬೇಕಿತ್ತು. ಆದರೂ ಕರ್ರೆಂದು ನೆಲ ಗೀರುತ್ತಿತ್ತು. ನೆಲದಲ್ಲಿ ಅರ್ಧ ಚಂದ್ರನಂತೆ ಬಿಳಿ ಗೆರೆ ಮೂಡಿತ್ತು. ಬಡಗಿ ಮಂಚದ ಪಕ್ಕ ಕೂತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಪಕ್ಕದ ಕೋಣೆಯಲ್ಲಿ ಮೆಷಿನ್ನು ಸ್ವಲ್ಪ ಓಡಿ ನಿಲ್ಲುತ್ತಿತ್ತು. ಅಕ್ಕ ಕಿವಿಗೊಟ್ಟು ಕೂತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

"ಯಾರಪ್ಪಾ ನೀನು?" ಎಂದಳು ಅಮ್ಮ ಮೊದಲ ದಿನ.

"ನಿನ್ನ ಮಗ ಅಮ್ಮ."

ಅಮ್ಮ ಅವನನ್ನು ನೋಡಿದಳು. ಮುಖ ನೋಡಿದಳು, ತೊಡೆಯ ಕೆಳಗಿನ ಕೈ ನೋಡಿದಳು, ಜೋತುಬಿದ್ದ ಬಾಗಿಲು ನೋಡಿದಳು. ಆಮೇಲೆ ಬೊಚ್ಚು ಬಾಯಲ್ಲಿ ನಕ್ಕಳು.

"ಯಾರಿಗೆ ಹೇಳ್ತೀಯ? ನನ್ನ ಮಗನಿದ್ರೆ ಆ ಬಾಗಿಲು ಹಾಗಿರೋದಾ? ಅವನು ಸುಮ್ಮನೆ ಕೂರೋನೇ ಅಲ್ಲ."

ಬಡಗಿ ಬಾಗಿಲ ಕಡೆ ತಿರುಗಿದ. ಸುತ್ತಿಗೆ ಅಡುಗೆಮನೆಯಲ್ಲಿ ಎಲ್ಲೋ ಇತ್ತು. ಎದ್ದು ಹೋಗಿ ತಂದು ಎರಡು ಏಟು ಹಾಕಿದರೆ ಅಮ್ಮನಿಗೆ ಮಗ ಯಾರೆಂದು ತಿಳಿಯುತ್ತಿತ್ತು. ತಿಳಿದ ತಕ್ಷಣ ಹೊದಿಕೆ ತಲೆಗೆ ಏರುತ್ತಿತ್ತು. ಅವನು ಏಳಲಿಲ್ಲ.

"ಹೌದು," ಎಂದ. "ನಾನು ಬೇರೆಯವನು. ಹೀಗೇ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಹಾಗೆ ಹೇಳು ಮತ್ತೆ," ಎಂದಳು ಅಮ್ಮ.

ಹೀಗೆ ಅಮ್ಮನಿಗೆ ಅವನೊಬ್ಬ ಪರಿಚಯದವನಾದ. ನೀರು ಕುಡಿಸಿದರೆ ಕುಡಿದಳು. ತಲೆದಿಂಬು ಸರಿಮಾಡಿದರೆ, "ನಿನ್ನ ಕೈ ಒರಟು, ಆದ್ರೆ ಮೆಲ್ಲಗೆ ಮುಟ್ತೀಯ," ಎಂದಳು. ಮಗನ ಸುದ್ದಿ ತೆಗೆದರೆ ನಿಲ್ಲಿಸುತ್ತಿರಲಿಲ್ಲ. ಅವನು ಚಿಕ್ಕಂದಿನಲ್ಲಿ ಹಲ್ಲುಜ್ಜುವ ಬ್ರಶ್ಶಿಗೂ ಮರದ ಹಿಡಿ ಮಾಡಿದ್ದು, ಅದರ ಚೂರು ಎಲ್ಲರ ವಸಡಿಗೆ ಚುಚ್ಚಿದ್ದು. ಹೇಳಿ ಹೇಳಿ ನಗುತ್ತಿದ್ದಳು. ಬಡಗಿ ಮೊದಲ ಸಲ ಕೇಳಿದವನಂತೆ ನಗುತ್ತಿದ್ದ.

ಒಂದು ದಿನ ದನಿ ತಗ್ಗಿಸಿದಳು. "ಕುಡೀತಾನೆ. ಬೇರೆ ಯಾವ ಕೆಟ್ಟದ್ದೂ ಇಲ್ಲ. ನಾನು ಬಿದ್ದೆ ನೋಡು, ಅವತ್ತಿಂದ ಬರೋದೇ ಬಿಟ್ಟ. ನಿನಗೆ ಎಲ್ಲಾದ್ರೂ ಸಿಕ್ಕಿದ್ರೆ ಹೇಳ್ತೀಯಾ? ನಾನು ಕರೆಯಲೇ ಇಲ್ಲ ಅವನನ್ನ. ನಾನಾಗೇ ಹೋಗಿ ಜಾರಿದ್ದು. ಕೂಗಲೂ ಇಲ್ಲ ಅಂತ ಹೇಳು."

ಬಡಗಿಯ ಬಾಯಿಗೆ ಆ ಎರಡು ಪದ ಬಂದವು, ತಪ್ಪಾಯ್ತು ಅಮ್ಮ ಎಂಬುದು. ವರ್ಷವಿಡೀ ಹೊತ್ತುಕೊಂಡು ಬಂದಿದ್ದ ಪದಗಳು. ಹೇಳಿದರೆ ಅವನ ಎದೆ ಹಗುರಾಗುತ್ತಿತ್ತು. ಅಮ್ಮ ಮಗನಿಗಾಗಿ ಹೆಣೆದಿಟ್ಟುಕೊಂಡ ಸುಳ್ಳು ಹರಿಯುತ್ತಿತ್ತು.

"ಹೇಳ್ತೀನಿ," ಎಂದ.

"ನಿನ್ನ ತಾಯಿ ಇದ್ದಾರಾ?"

"ಇದ್ದಾರೆ."

"ನೋಡ್ಕೋ," ಎಂದು ಅಮ್ಮ ಕಣ್ಣು ಮುಚ್ಚಿದಳು.

ಮೆಷಿನ್ನು ನಿಲ್ಲದೆ ಓಡುತ್ತಿತ್ತು. ಯಾವಾಗಿನಿಂದ ಹಾಗೆ ಓಡುತ್ತಿದೆ ಎಂದು ಬಡಗಿ ಗಮನಿಸಿರಲಿಲ್ಲ. ಮರುದಿನ ಅವನು ಬಂದಾಗ ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. "ದಾರ ಮುಗಿದಿದೆ. ತಂದುಬಿಡ್ತೀನಿ," ಎಂದು ಹೊರಟಳು. ಬೀದಿಯ ತಿರುವಿನಲ್ಲಿ ಒಮ್ಮೆ ನಿಂತು ಹಿಂತಿರುಗಿ ನೋಡಿದಳು, ಆಮೇಲೆ ನಡೆದಳು. ಬಡಗಿ ಅವಳು ಬರುವವರೆಗೆ ಕಣ್ಣು ಮಿಟುಕಿಸಲೂ ಹೆದರಿ ಕೂತಿದ್ದ. ಅಮ್ಮ ನಿದ್ದೆ ಮಾಡುತ್ತಿದ್ದಳು.

ಅಮ್ಮ ಹೋದದ್ದು ಆಮೇಲಿನ ಒಂದು ಬೆಳಿಗ್ಗೆ. ಬಡಗಿ ಯಾರದೋ ಮನೆಯ ಕಪಾಟಿನೊಳಗೆ ತಲೆ ತೂರಿಸಿ ಸ್ಕ್ರೂ ಬಿಗಿಯುತ್ತಿದ್ದ. ಭಾವ ಫೋನ್ ಮಾಡಿದರು. ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಬಾರುಗಳಿದ್ದವು. ಡ್ರೈವರಣ್ಣನಿಗೆ ಕರೆ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಂಡೇ ದಾಟಿದ. ಆ ಕಡೆಯಿಂದ ಉಸಿರು ಕೇಳುತ್ತಿತ್ತು, ಅಷ್ಟೇ.

ಅಕ್ಕ ಹೊಸ್ತಿಲಲ್ಲಿದ್ದಳು. ಮೊದಲು ಮೂಗು ಚಾಚಿದಳು. ಅವನು ಬಾಯಿ ತೆರೆದ. ಆಮೇಲೆ ಅವನ ಭುಜಕ್ಕೆ ಹಣೆ ಒತ್ತಿ ಅತ್ತಳು.

"ಏನಾದ್ರೂ ಅಂದ್ಲಾ?"

"ನೀರು ಕೇಳಿದ್ಲು."

"ನನ್ನ ಬಗ್ಗೆ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಸುಮ್ಮನೆ ಕೂರೋನು, ಅವನು ಇವತ್ತು ಬರಲಿಲ್ವಾ ಅಂದ್ಲು."

ಎಲ್ಲ ಮುಗಿದು, ಬಂದವರೆಲ್ಲ ಹೋಗಿ, ಮಂಚ ಖಾಲಿಯಾದ ಮೇಲೆ ಅಕ್ಕ ಅಡುಗೆಮನೆಯಿಂದ ಸುತ್ತಿಗೆ ತಂದು ಅವನ ಮುಂದೆ ಹಿಡಿದಳು.

"ಬಾಗಿಲು ಮುಗಿಸು."

"ಇರ್ಲಿ ಬಿಡಕ್ಕಾ."

"ಇನ್ನು ಯಾರಿಗೆ ಕೇಳಿಸುತ್ತೆ? ಮುಗಿಸು."

ಅಕ್ಕ ಭುಜ ಕೊಟ್ಟು ಬಾಗಿಲನ್ನು ಮೇಲೆತ್ತಿ ಹಿಡಿದಳು. ಬಡಗಿ ಬೆಣೆಯನ್ನು ತೂತಿಗೆ ಇಟ್ಟ. ಒಂದು ಏಟು ಹೊಡೆದ. ಹೊಡೆದವನೇ ಕೈ ತಡೆದು ಮಂಚದ ಕಡೆ ನೋಡಿದ. ಅಕ್ಕನೂ ಅತ್ತಲೇ ನೋಡುತ್ತಿದ್ದಳು. ಇಬ್ಬರೂ ಹಾಗೇ ನಿಂತರು, ಬಾಗಿಲ ಭಾರಕ್ಕೆ ಅಕ್ಕನ ಭುಜ ನಡುಗತೊಡಗುವವರೆಗೆ.

"ಹೊಡಿ," ಎಂದಳು.

ಅವನು ಹೊಡೆದ.