ಅಮ್ಮನಿಗೆಂದು ಹಾಕಿದ ಇಳಿಜಾರು

"ದಾರಿ ಬಿಡ್ರಪ್ಪ, ಗಾಡಿ ಬಂತು," ಎನ್ನುತ್ತ ಹಾರ್ಲನ್ ಪರೀಕ್ಷೆಗೆಂದು ಗಾಲಿಕುರ್ಚಿಯಲ್ಲಿ ಕೂತು ಬಾಗಿಲಿನಿಂದ ಇಳಿಜಾರಿನ ಮೇಲೆ ಅಂಗಳಕ್ಕೆ ಉರುಳಿಕೊಂಡು ಬಂದ. ಎಪ್ಪತ್ತು ದಾಟಿದ ಮುದುಕ, ಕುರ್ಚಿ ತುಂಬ ಹೊಟ್ಟೆ. ಕೇಕಿನ ಪೆಟ್ಟಿಗೆ ಹಿಡಿದು ನಿಂತಿದ್ದ ಹೆಂಗಸರು ನಗುತ್ತ ಪಕ್ಕಕ್ಕೆ ಸರಿದರು. ಆ ಕಾಂಕ್ರೀಟಿನ ಇಳಿಜಾರನ್ನು ಹಾಕಿದವನು ಅವನೇ. ಮನೆಯ ನಕ್ಷೆಯಲ್ಲಿ ಅದು ಇರಲಿಲ್ಲ. ಮನೆಯೊಡತಿ ಇಮಾಕುಲಾಳ ತಾಯಿಗೆ ಭೂಕಂಪದಲ್ಲಿ ಒಂದು ಕಾಲು ಹೋಗಿದೆ, ಹೈಟಿಯಿಂದ ಬಂದ ಮೇಲೆ ಈ ಮನೆಯಲ್ಲೇ ಇರುತ್ತಾಳೆ ಎಂದು ಕಿವಿಗೆ ಬಿದ್ದದ್ದೇ ತಡ, ಮನೆ ಕಟ್ಟುತ್ತಿದ್ದ ಉಳಿದ ಸ್ವಯಂಸೇವಕರು ಬಾರದ ಭಾನುವಾರಗಳಲ್ಲಿ ಬಂದು ಒಬ್ಬನೇ ಹಾಕಿದ್ದ. ಗಾಲಿ ಜಾರದಿರಲಿ ಎಂದು ಹಸಿ ಕಾಂಕ್ರೀಟಿನ ಮೇಲೆ ಪೊರಕೆ ಎಳೆದು ಅಡ್ಡಡ್ಡ ಗೀರು ಮಾಡಿದ್ದ. ಕುರ್ಚಿಯನ್ನೂ ತನ್ನ ಚರ್ಚಿನವರನ್ನು ಕಾಡಿ ಬೇಡಿ ತಂದಿದ್ದ.

"ನಿಮ್ಮಮ್ಮಂಗೆ ಹತ್ತೋದು ಕಷ್ಟ ಆಗುತ್ತಾ ಇಮಾ? ನಂಗಂತೂ ಆಗ ಹತ್ತುವಾಗ ಏದುಸಿರು ಬಂತು."

"ಅಮ್ಮನ ತೋಳಲ್ಲಿ ಶಕ್ತಿ ಇದೆ, ಮಿಸ್ಟರ್ ಹಾರ್ಲನ್," ಎಂದಳು ಇಮಾಕುಲಾ.

ಅಮ್ಮ ಮಂಗಳವಾರ ತೀರಿಕೊಂಡಿದ್ದಳು.

ಟೊಮೆಟೊ ವಿಂಗಡಿಸುವ ಶೆಡ್ಡಿನಲ್ಲಿರುವಾಗ ತಂಗಿಯ ಫೋನು ಬಂದಿತ್ತು. ಮಾತು ಮುಗಿಸಿ, ಕೈಗವಸು ಹಾಕಿಕೊಂಡು ಇಮಾಕುಲಾ ಮತ್ತೆ ತನ್ನ ಜಾಗದಲ್ಲಿ ನಿಂತಳು. ಹಣ್ಣಾದದ್ದು ಈ ಕಡೆ, ದೋರೆಗಾಯಿ ಆ ಕಡೆ. ಹೈಟಿಗೆ ಹೋಗಿಬರುವ ವಿಮಾನಗಳು ಯಾವಾಗಲೋ ನಿಂತಿದ್ದವು; ಅವು ಮತ್ತೆ ಶುರುವಾದ ಮೇಲೇ ಅಮ್ಮ ಬರುವುದಿತ್ತು. ತಮ್ಮ ಊರು ಲೆಯೊಗಾನ್‌ನಲ್ಲಿ ಅಮ್ಮನನ್ನು ಮಣ್ಣು ಮಾಡಿದ್ದೂ ಆಯಿತು. "ಶನಿವಾರ ಬೀಗದ ಕೈ ಕೊಡೋದು ಮುಗೀಲಿ," ಎಂದಿದ್ದ ಗಂಡ ದ್ಯೆಸೆಲ್. "ಅಷ್ಟು ಜನ ಪುಕ್ಕಟೆ ಬೆವರು ಸುರಿಸಿದಾರೆ. ಅವರ ಸಂತೋಷದ ದಿನ ಅದು. ಆಮೇಲೆ ಹೇಳೋಣ." ಅವಳು ಹೂಂ ಎಂದಳು. ಅಳು ಬಂದಿದ್ದರೆ ಮುಚ್ಚಿಡುವುದು ಕಷ್ಟವಾಗುತ್ತಿತ್ತು. ಬರಲೇ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ದವಡೆಯ ಹಾಗೆ, ಆ ದುಃಖ ಮುಟ್ಟಿ ನೋಡಿಕೊಂಡರೂ ತನ್ನದಲ್ಲ ಅನ್ನಿಸುತ್ತಿತ್ತು.

ಒಂದು ಕೆಲಸ ಮಾತ್ರ ಅವಳ ಕೈಲಿ ಆಗುತ್ತಿರಲಿಲ್ಲ. ಕಾಫಿ ಕುಡಿಯುವ ಮುಂಚೆ ಸತ್ತವರ ಹೆಸರು ಹೇಳಿ ನೆಲಕ್ಕೆ ಹನಿ ಚೆಲ್ಲುವುದು ಅವಳ ಮನೆಯ ಪದ್ಧತಿ. ಗೋಡೆ ಏಳುತ್ತಿದ್ದ ದಿನಗಳಲ್ಲಿ ಹಾರ್ಲನ್ ಅದನ್ನು ಕಂಡು ಛೇಡಿಸಿದ್ದ.

"ಒಳ್ಳೇ ಕಾಫಿ ಮಣ್ಣುಪಾಲು ಮಾಡ್ತೀಯಲ್ಲಮ್ಮ."

"ಹೋದೋರಿಗೆ ಮೊದಲು. ಅಪ್ಪಂಗೆ, ಅಣ್ಣಂಗೆ. ಆಮೇಲೆ ನಂಗೆ, ಆಮೇಲೆ ನಿಮಗೆ."

"ಅಂದ್ರೆ ನಾನು ನಾಲ್ಕನೆಯವನಾ? ಸತ್ತಿದ್ರೇ ವಾಸಿ ಇತ್ತು."

ಮಂಗಳವಾರದಿಂದ ಅವಳು ಹನಿ ಚೆಲ್ಲದೆಯೇ ಕುಡಿಯುತ್ತಿದ್ದಳು. ಚೆಲ್ಲಿದರೆ ಇನ್ನೊಂದು ಹೆಸರು ಹೇಳಬೇಕು.

ಹತ್ತು ಗಂಟೆಗೆ ಎಲ್ಲರೂ ಅಂಗಳದಲ್ಲಿ ಸೇರಿದರು. ಮನೆ ಕಟ್ಟಿಸಿಕೊಟ್ಟ ಸಂಸ್ಥೆಯ ಮೇಡಂ ಮಾತಾಡಿದರು. ಈ ದಂಪತಿ ಬೇರೆಯವರ ಮನೆಗಳಿಗೂ ಮೊಳೆ ಹೊಡೆದವರು, ಯಾರ ಹಂಗಿನಲ್ಲೂ ಇಲ್ಲ ಎಂದರು. ಪಾದ್ರಿ ಪ್ರಾರ್ಥನೆ ಹೇಳಿದರು. ಬೀಗದ ಕೈ ಇಮಾಕುಲಾಳ ಅಂಗೈಗೆ ಬಂತು, ಮತ್ತು ಎಲ್ಲರೂ ಅವಳ ಮುಖ ನೋಡಿದರು. ಪಕ್ಕದ ಮನೆಯವಳು ತನ್ನ ಬೀಗದ ಕೈ ಸಿಕ್ಕಾಗ ಗೋಳೋ ಎಂದು ಅತ್ತು ಎಲ್ಲರನ್ನೂ ಅಳಿಸಿದ್ದಳಂತೆ. ಫೋಟೋದವನು ಕ್ಯಾಮೆರಾ ಹಿಡಿದು ಕಾದ. ಇಮಾಕುಲಾ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ತಪ್ಪಿಲ್ಲದೆ ಹೇಳಿ ಮುಗಿಸಿದಳು. ಇಬ್ಬರ ಪಾಲಿನದನ್ನೂ ದ್ಯೆಸೆಲ್ ಒಬ್ಬನೇ ಅತ್ತ. "ಪಾಪ, ನಾಚಿಕೆ ಅವಳಿಗೆ," ಎಂದಳು ಯಾರೋ.

ಜನ ಕರಗಿದರು. ಹಾರ್ಲನ್ ಮಾತ್ರ ಸಲಕರಣೆಗಳನ್ನೆಲ್ಲ ಗಾಡಿಗೆ ತುಂಬಿ, ಇಳಿಜಾರಿನ ಬುಡದಲ್ಲಿ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಇಮಾಕುಲಾ ಹೊಸ ಒಲೆಯ ಮೇಲೆ ನೀರು ಕಾಯಿಸಿ, ಕಾಫಿಯನ್ನು ಬಟ್ಟೆಯಲ್ಲಿ ಸೋಸಿ, ಎರಡು ಲೋಟ ಹಿಡಿದು ಹೊಸ್ತಿಲಿಗೆ ಬಂದಳು.

"ಅಮ್ಮ ಬರೋ ದಿನ ಹೇಳು, ವಿಮಾನ ನಿಲ್ದಾಣಕ್ಕೆ ನಾನೇ ಗಾಡಿ ತರ್ತೀನಿ," ಎಂದ ಹಾರ್ಲನ್. ಲೋಟ ನೋಡಿ ನಕ್ಕ. "ಇವತ್ತೂ ನಾನು ನಾಲ್ಕನೆಯವನೇನಾ?"

ಅವಳು ಒಂದು ಲೋಟವನ್ನು ಹೊಸ್ತಿಲ ಮೇಲಿಟ್ಟಳು. ಇನ್ನೊಂದನ್ನು ಬಾಗಿಸಿದಳು.

"ಅಪ್ಪಂಗೆ." ಒಂದು ಹನಿ. "ಅಣ್ಣಂಗೆ."

ಕೈ ಅಲ್ಲೇ ನಿಂತಿತು. ಹಾರ್ಲನ್ ತನ್ನ ಲೋಟಕ್ಕೆಂದು ಕೈ ಚಾಚಿದ್ದ.

"ಅಮ್ಮಂಗೆ," ಎಂದಳು.

ಹನಿಯಷ್ಟೇ ಚೆಲ್ಲಬೇಕಿತ್ತು. ಲೋಟ ಪೂರ್ತಿ ಬಾಗಿತು. ಕಾಫಿ ಪೊರಕೆಯ ಗೀರುಗಳಲ್ಲಿ ತಡೆದು ತಡೆದು, ಒಂದೊಂದನ್ನೇ ತುಂಬಿಕೊಂಡು ಕೆಳಗಿಳಿಯಿತು. ಹಾರ್ಲನ್ ಚಾಚಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಕಾಫಿ ಬುಡಕ್ಕೆ ಬಂದಾಗ ಎರಡೂ ಬೂಟುಗಾಲುಗಳನ್ನು ನೆಲದಿಂದ ಎತ್ತಿ ಹಿಡಿದ, ಪೂರ್ತಿ ಹರಿದು ಮಣ್ಣು ಸೇರುವವರೆಗೂ.