ಹಂಪಕ್ಕನ ಕೈ ಗಾಳಿಯಾಗ

ಕೇಳ್ರಿಲ್ಲಿ, ಸತ್ತೋರ್ನ ಹಾಡಸೋ ಗಂಡು ನಿಮ್ಮ ಕಡೆ ಯಾವನಾರ ಅದಾನೇನ್ರಿ, ನಾ ಅದೀನಿ, ಗಾದಿಲಿಂಗ, ಕೌಲ್ ಬಜಾರ್, ಹೆಸರು ಹೇಳಿದ್ರ ಸಾಕು ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ತಾನಾ ಬರ್ತೈತಿ — ಕೆಳಗ ಗ್ಯಾರೇಜಿನ್ಯಾಗ ಆಟೋ ಡುಗುಡುಗು, ಮ್ಯಾಲ ಹಂಪಕ್ಕ ಕಣ್ಣು ಮುಚ್ಚಿ ಕೈ ಎತ್ಯಾಳ, ತಾಳಕ್ಕ ತೊಡಿಗೆ ಬಡಿಬೇಕು, ಬಡಿಯವಲ್ಲಳು, ಕೈ ಗಾಳಿಯಾಗ — ಬಡಿ ಅಕ್ಕ, ಬಡಿ — ಸಿರಿಗೇರಿ ಉಚ್ಚೆಂಗೆಪ್ಪಜ್ಜ ಆಕಿಗೆ ಪದ ಕಲಿಸಿದ ಗುರು, ಸತ್ತು ಹನ್ನೊಂದು ವರ್ಷ, ಉಳಿದದ್ದು ಒಂದಾ ಕ್ಯಾಸೆಟ್, ಅಕ್ಕ ಅದನ್ನ ಹಾಕಾದು, ನಮಗ ಕಲಸಾದು, ಶೀಲಾ ಸರಿಗಮ ಬರಕೊಳ್ಳಾಕ ಪೆನ್ನು ತಗದ್ರ ಒಳಗಿಡವ್ವಾ, ಕಿವಿ ಏನು ಬರೇ ವಾಲಿ ಹಾಕ್ಕೊಳಾಕ ಕೊಟ್ಟಾನೇನು ದೇವ್ರು ಅನ್ನಾಕಿ, ಕ್ಯಾಸೆಟ್ಟಿನ್ಯಾಗಿನ ಕಡೀ ಪದ ಯಾರಿಗೂ ಕಲಿಸಿರ್ಲಿಲ್ಲ, ಟೇಪು ಸವದೈತಿ ಗಾದಿ, ಫೋನಿಗೆ ಹಾಕಿ ಎಲ್ಲಾರಿಗೂ ಕಳಸಪ್ಪ, ಅಂದ್ಲು ಅಕ್ಕ — ಹೀರೋ ಎಂಟ್ರಿ, ವಿಸಿಲ್ ಹೊಡೀರಿ — ಹಾಕಿದೆ, ಗ್ರೂಪಿಗೆ ಬಿಟ್ಟೆ, ಕುರುಗೋಡಿನ ಜಯಶ್ರೀ ರೊಟ್ಟಿ ಬಡಿಯೋವಾಗ, ಗವಿಸಿದ್ದೇಶಣ್ಣ ಸಿರುಗುಪ್ಪ ಬಸ್ಸಿನ್ಯಾಗ, ಎಲ್ಲಾರೂ ಒಂದು ತಿಂಗಳು ಅಜ್ಜನ್ನ ಕಿವ್ಯಾಗಿಟ್ಕೊಂಡು ಅಡ್ಡಾಡಿದ್ರು, ಇವತ್ತಾ ಮೊದಲು ಅಕ್ಕನ ಮುಂದ ಕೂಡಿ ಹಾಡಿದ್ರು, ಹನ್ನೆರಡು ಮಂದಿ ಒಂದಾ ಗಂಟಲು, ಮೈ ಜುಂ ಅಂತು, ಕಡೀ ನುಡಿ ಬಂತು, ನಿಲ್ಲಲಿಲ್ಲ, ಹಾಡಕೊಂತ ಓಡಿಬಿಟ್ರು, ಅಕ್ಕನ ಕೈ ಗಾಳಿಯಾಗ — ಇಲ್ಲಿ ಅಜ್ಜ ಉಸಿರು ತಗೊಂತಿದ್ದ, ಯಾರೂ ಕೇಳಿಲ್ಲೇನು — ಶೀಲಾ ಫೋನ್ ಹಚ್ಚಿದ್ಲು, ಇದ್ರಾಗ ಇಲ್ಲಕ್ಕ — ಅಕ್ಕ ಬೈಲಿಲ್ಲ, ತಾನಾ ಎಳಕೊಂಡ್ಲು ಉಸಿರು, ಬಾವಿಯಿಂದ ತುಂಬಿದ ಕೊಡ ಎಳ್ದಂಗ, ಕೈ ಮ್ಯಾಲ, ಹನ್ನೆರಡು ಎದಿ ಮ್ಯಾಲ, ನಂದೂ, ಗ್ಯಾರೇಜ್ ಸುದ್ದಾ ಸುಮ್ಮನಾತು, ಯಪ್ಪಾ, ನಾಕು ಸೆಕೆಂಡು, ನಾ ಕಾಣದ ಅಜ್ಜ ಬಂದು ನಡುವ ಕುಂತಂಗಾತು, ಆಮ್ಯಾಲ ತೊಡಿಗೆ ಬಿತ್ತು ಕೈ, ಪದ ಎದ್ದು ನಿಂತಿತು — ಹಿಂಗಾ ನೋಡ್ರಿ, ಅಜ್ಜಂದಾ ಕೇಳಿಬಿಡ್ರಿ ಒಮ್ಮೆ, ಗಾದಿ, ಕ್ಯಾಸೆಟ್ ತಾರಪ್ಪ, ಅಂದ್ಲು ಅಕ್ಕ — ಅದಾ ಕೈ ಈಗ ನನ್ನ ಕಡೆ — ಜೇಬಿಗೆ ಕೈ ಹಾಕಿದೆ — ಟೇಪ್ ಭದ್ರ ಐತಕ್ಕ ಅಂತ ತಿಂಗಳಿಂದ ಹೇಳಾಕತ್ತೀನಿ, ಸುಳ್ಳು, ಫೋನಿಗೆ ಹಾಕಿದ ಮ್ಯಾಲ ಮಷೀನಿನ್ಯಾಗ ಸಿಕ್ಕು ಹರದು ನನ್ನ ಜೇಬಿನ್ಯಾಗ ಐತಿ, ಆ ನಾಕು ಸೆಕೆಂಡು ಫೋನಿನ್ಯಾಗಿಂದ ಕಟ್ ಮಾಡಿ ಅಳಿಸ್ದೋನೂ ನಾನಾ, ಅಲ್ಲಿ ಪದ ಇಲ್ಲ, ಖಾಲಿ ಐತಿ, ತಗದು ಕಳಸಿದ್ರ ಎಲ್ಲಾರೂ ಅಕ್ಕನ ಮುಂದ ಮುಗ್ಗರಸ್ತಾರ, ನಗೋಣು ಅಂತ, ಅಕ್ಕ, ನಾನಾ ಅಕ್ಕ, ಅಂದೆ, ಕೇಳೋಹಂಗಾ ಅಂದೆ, ಆ ಉಸಿರು ಇನ್ನ ಎಲ್ಲೂ ಇಲ್ಲ, ನಿನ್ನಾಗ ಬಿಟ್ರ — ಆಕಿ ಕೈ ಇಳಸವಲ್ಲಳು, ಕೈ ಗಾಳಿಯಾಗ